ಯಾವುದಕ್ಕೂ ಒಂದು ಕಾಪಿ ಇರಲಿ

ಪಿರಿಯಾಪಟ್ಟಣದಲ್ಲಿ ಹೊಗೆಸೊಪ್ಪು, ಕೆ.ಆರ್. ನಗರದಲ್ಲಿ ಭತ್ತ, ಎಚ್.ಡಿ. ಕೋಟೆಯಲ್ಲಿ ಹತ್ತಿ ಚೆನ್ನಾಗಿ ಬರುತ್ತವೆ. ಮಳೆ ಬರಲಿ ಬಿಡಲಿ, ಈ ಸೀಮೆಯಲ್ಲೆಲ್ಲ ಒಂದೇ ಸಮ ಬರುವ ಬೆಳೆ ಜೆರಾಕ್ಸ್ ಅಂಗಡಿಯದು. ಪಹಣಿ, ಆಧಾರ್, ಪಾಸ್‌ಬುಕ್ಕು ಎಲ್ಲವನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ಬಂದವರು ಕೇಳಿದ್ದಕ್ಕಿಂತ ಒಂದು ಹೆಚ್ಚೇ ತೆಗೆಸುತ್ತಾರೆ. “ಯಾವುದುಕ್ಕೂ ಇರ್ಲಿ ಬುಡಿ, ಇನ್ನೊಂದ್ ಕಾಪಿ ತಗೀರಿ.”

ಹುಣಸೂರಿನಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ನನ್ನ ಷಡ್ಡಕರೂ ಇದೇ ಮತದವರು. ಮೊನ್ನೆ ಲೆಕ್ಕದ ಪುಸ್ತಕ ಮುಂದಿಟ್ಟು, “ಅಣ್ಣ, ಯೂರಿಯಾದಲ್ಲಿ ಉಳಿಯೋದನ್ನೆಲ್ಲ ಈ ಪ್ರಿಂಟರ್ ತಿಂದ್‌ಹಾಕ್ತಾ ಐತೆ, ಏನಾದ್ರೂ ದಾರಿ ಹೇಳು” ಅಂದರು. ಕನ್ನಡಕ ಹಾಕಿದವನಿಗೆ ಎಲ್ಲವೂ ತಿಳಿದಿರುತ್ತದೆಂಬ ನಂಬಿಕೆ ನಮ್ಮ ಕುಟುಂಬದಲ್ಲಿ ಇನ್ನೂ ಉಳಿದಿದೆ.

ಮೊದಲು ಅಟ್ಟ ಹತ್ತಿ ನೋಡಿದೆವು. ಅಲ್ಲಿ ಹಳೆಯ ಬಿಲ್ ಬುಕ್ಕುಗಳ ಗಂಟು. ಆಫ್‌ಸೆಟ್‌ನಲ್ಲಿ ಪ್ಲೇಟು ಮಾಡಿ ಮೆಷಿನ್ನಿಗೆ ಏರಿಸುವ ಖರ್ಚು ನೂರು ಪ್ರತಿಗೂ ಅಷ್ಟೇ, ಸಾವಿರ ಪ್ರತಿಗೂ ಅಷ್ಟೇ. ಹೆಚ್ಚು ಹೊಡೆಸಿದಷ್ಟೂ ಒಂದೊಂದು ಪ್ರತಿ ಅಗ್ಗ. ಈ ಲೆಕ್ಕ ಕಿವಿಗೆ ಬಿದ್ದದ್ದೇ ತಡ, ಷಡ್ಡಕರು ಮೊಮ್ಮಕ್ಕಳ ಕಾಲಕ್ಕೂ ಆಗುವಷ್ಟು ಹೊಡೆಸಿಟ್ಟಿದ್ದರು. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು. ವ್ಯಾಟ್ ಕಾಲದ ಟಿನ್ ನಂಬರ್ ಹೊತ್ತ ಬಿಲ್ಲೆಲ್ಲ ರಾತ್ರಿ ಬೆಳಗಾಗುವುದರೊಳಗೆ ರದ್ದಿ. ಮನೆಯ ದಿನಸಿ ಪಟ್ಟಿಯೂ ಮಕ್ಕಳ ಮಗ್ಗಿಯೂ ಇವತ್ತಿಗೂ ಅದರ ಬೆನ್ನ ಮೇಲೇ. ಬೇಕಾದಷ್ಟೇ ಹೊಡೆಸಿ ಎನ್ನುವ ಮಾತನ್ನು ಲಗ್ನಪತ್ರಿಕೆ ಹಾಕಿಸಲು ಹೊರಟವರಿಗೆ ಹೇಳಿ ನೋಡಿ, ಸಂಬಂಧವೇ ಮುರಿದೀತು.

ಆಮೇಲೆ ಲೇಸರ್ ಪ್ರಿಂಟರಿನ ಸರದಿ. ಟೋನರ್ ಡಬ್ಬಿಯ ಮೇಲೆ ಇಂತಿಷ್ಟು ಪುಟ ಬರುತ್ತದೆಂದು ಅಚ್ಚಾಗಿರುತ್ತದಲ್ಲ, ಅದು ಪುಟದ ನೂರಕ್ಕೆ 5 ಭಾಗ ಮಾತ್ರ ಕಪ್ಪಾದರೆ ಸಿಗುವ ಲೆಕ್ಕ. ನಮ್ಮವರ ಬಿಲ್ಲಿನ ನೆತ್ತಿಯ ಮೇಲೆ ಚಾಮುಂಡೇಶ್ವರಿಯ ಫೋಟೋ, ಅದರ ಕೆಳಗೆ ಕರೀ ಪಟ್ಟಿಯೊಳಗೆ ಬಿಳಿ ಅಕ್ಷರದಲ್ಲಿ ಅಂಗಡಿ ಹೆಸರು, ಮೂಲೆಯಲ್ಲಿ ಟ್ರ್ಯಾಕ್ಟರು. ಟ್ರ್ಯಾಕ್ಟರು ಇಳಿಸಿದೆವು, ಪಟ್ಟಿ ಅಳಿಸಿದೆವು. ದೇವಿಯ ಹತ್ತಿರ ಬರುವಾಗ ನಾದಿನಿ ಕಾಫಿ ಹಿಡಿದು ಒಳಗೆ ಬಂದಳು. “ಟೋನರ್ ಉಳಿಸೋಕೆ ಅಮ್ಮನ್ನ ತೆಗೀತೀರಾ ಭಾವ? ಆಮೇಲೆ ವ್ಯಾಪಾರ ಉಳೀತದಾ?” ವಾದ ಮಾಡುವ ಧೈರ್ಯ ಯಾರಿಗಿತ್ತು? ದೇವಿ ಗೆರೆಚಿತ್ರವಾಗಿ ಉಳಿದಳು. ಕಾಲಡಿಯಲ್ಲಿದ್ದುಕೊಂಡು ಎಲ್ಲರಿಗಿಂತ ಹೆಚ್ಚು ಟೋನರ್ ಕುಡಿಯುತ್ತಿದ್ದ ಮಹಿಷಾಸುರ ಎರಡನೇ ಸಲ ಹತನಾದ.

ಅಕ್ಷರದಲ್ಲೂ ಉಳಿತಾಯವಿದೆ ಎನ್ನುವವರಿದ್ದಾರೆ. ಅಮೆರಿಕದ ಪಿಟ್ಸ್‌ಬರ್ಗ್‌ನ ಸುವೀರ್ ಮೀರ್‌ಚಂದಾನಿ ಎಂಬ 14 ವರ್ಷದ ಹುಡುಗ, ಸರ್ಕಾರ ಗಾರಮಾಂಡ್ ಫಾಂಟ್ ಬಳಸಿದರೆ ಕೋಟಿಗಟ್ಟಲೆ ಡಾಲರ್ ಉಳಿಯುತ್ತದೆಂದು ಹೇಳಿ 2014ರಲ್ಲಿ ಸುದ್ದಿಯಾಗಿದ್ದ. ಬಲ್ಲವರು, ಅದೇ ಪಾಯಿಂಟಿನಲ್ಲಿ ಆ ಅಕ್ಷರವೇ ಚಿಕ್ಕದಪ್ಪ, ಉಳಿಯದೆ ಏನು ಮಾಡೀತು ಅಂದರು. ನಮಗೆ ಆ ಭಾಗ್ಯವೂ ಇಲ್ಲ. ಇಮಿಡಾಕ್ಲೋಪ್ರಿಡ್ ಎಂದು ಒಂದು ಸಲ ಬರೆದರೆ ಎರಡು ಒತ್ತು ಕೆಳಕ್ಕೆ ಜೋತು ಬೀಳುತ್ತವೆ. ಸಾಲಿಗೂ ಸಾಲಿಗೂ ಜಾಗ ಬಿಡಲೇಬೇಕು. ಅಕ್ಷರ ಕುಗ್ಗಿಸಿದರೆ ಚಾಳೀಸು ಬಂದ ಬೆಳೆಗಾರರು ಬಿಲ್ಲನ್ನು ಹಿಂದಕ್ಕೂ ಮುಂದಕ್ಕೂ ಹಿಡಿದು, ಕೊನೆಗೆ “ನೀವೇ ಓದ್ಬುಡಿ ಸಾವ್ಕಾರ್ರೆ” ಅನ್ನುತ್ತಾರೆ.

ಗೊಬ್ಬರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಪಿಒಎಸ್ ಯಂತ್ರದ ಚೀಟಿಗೆ ಮಸಿಯ ಖರ್ಚೇ ಇಲ್ಲ. ಶಾಖ ತಗುಲಿದ ಕಡೆ ಕಾಗದವೇ ಕಪ್ಪಾಗುವ ಜಾತಿ ಅದು. ಎಲ್ಲ ಬಿಲ್ಲನ್ನೂ ಹೀಗೇ ಕೊಡಬಹುದಲ್ಲ ಅಂದೆ. ಷಡ್ಡಕರು ನಕ್ಕರು. ಪಿರಿಯಾಪಟ್ಟಣದ ಕಡೆಯ ಗಿರಾಕಿಯೊಬ್ಬರು ಅಂಥ ಚೀಟಿಯನ್ನು ಭದ್ರವಾಗಿರಲಿ ಎಂದು ಸೊಪ್ಪು ಬೇಯಿಸುವ ಬ್ಯಾರನ್ನಿನ ಒಳಗೋಡೆಗೆ ಸಿಕ್ಕಿಸಿದ್ದರಂತೆ. ಸೊಪ್ಪು ಬಂಗಾರದ ಬಣ್ಣಕ್ಕೆ ಬಂತು, ಚೀಟಿ ಇದ್ದಿಲ ಬಣ್ಣಕ್ಕೆ.

ಟೋನರ್ ತುಂಬಲು ಮೈಸೂರಿನಿಂದ ಬೈಕಿನಲ್ಲಿ ಒಬ್ಬ ಹುಡುಗ ಬರುತ್ತಾನೆ. ನೆಲಕ್ಕೆ ಪೇಪರ್ ಹಾಸಿ, ಮೂಗಿಗೆ ಕರ್ಚೀಫು ಕಟ್ಟಿ, ಕಾರ್ಟ್ರಿಡ್ಜಿನ ಪಿನ್ನು ಬಿಚ್ಚಿ, ಬಾಟಲಿಯಿಂದ ಕಾಡಿಗೆಗಿಂತ ನುಣ್ಣನೆಯ ಪುಡಿಯನ್ನು ಸುರಿಯುತ್ತಾನೆ. ಆ ಹೊತ್ತಿನಲ್ಲಿ ಅಂಗಡಿಯಲ್ಲಿ ಯಾರೂ ಫ್ಯಾನ್ ಹಾಕುವಂತಿಲ್ಲ, ಸೀನುವಂತಿಲ್ಲ. ಹೊಸ ಕಾರ್ಟ್ರಿಡ್ಜಿನ ಬೆಲೆಗೆ ಇಂಥ ಎಷ್ಟೋ ರೀಫಿಲ್ ಆಗುತ್ತವೆ. ನಿಜವಾದ ಉಳಿತಾಯ ಇದೊಂದೇ ಎಂದುಕೊಳ್ಳುವಷ್ಟರಲ್ಲಿ ಆ ಹುಡುಗನೇ ಕೇಳಿದ: “ಅಲ್ಲ ಸಾರ್, ಒಂದೊಂದು ಬಿಲ್ಲಿಗೆ ನಾಲ್ಕು ಯಾಕೆ ತೆಗೀತೀರಾ?”

ಮಾಲು ಮಾರಿದರೆ ಜಿಎಸ್‌ಟಿ ನಿಯಮ ಕೇಳುವುದು ಮೂರು ಪ್ರತಿ: ಕೊಂಡವರಿಗೆ, ಸಾಗಿಸುವವರಿಗೆ, ಮಾರಿದವರಿಗೆ. ನಾಲ್ಕನೆಯದು ಯಾರಿಗೆ? ಷಡ್ಡಕರು ಗೋಡೆ ನೋಡಿದರು. ಅದನ್ನು ಇಡುವುದಕ್ಕೊಂದು ಫೈಲು, ಫೈಲಿಗೊಂದು ಬೀರು, ಬೀರುವಿಗೊಂದು ಬೀಗ, ಗೆದ್ದಲಿಗೊಂದು ಔಷಧಿ. ಔಷಧಿ ಸ್ವಂತ ಅಂಗಡಿಯದೇ ಆದ್ದರಿಂದ ಅದಕ್ಕೂ ಬಿಲ್ಲು, ನಾಲ್ಕು ಪ್ರತಿ.

ಈಗ ಬಿಲ್ಲನ್ನು ವಾಟ್ಸಾಪಿನಲ್ಲೇ ಕಳಿಸುತ್ತಾರೆ. ನಾಲ್ಕನೇ ಪ್ರತಿ ನಿಂತಿದೆ, ರೀಮು ಖಾಲಿಯಾಗುವುದು ನಿಧಾನವಾಗಿದೆ. ಗಿರಾಕಿಗಳು ಮಾತ್ರ ಮೊಬೈಲು ಹಿಡಿದು ನೆಟ್ಟಗೆ ರಸ್ತೆಯಾಚೆಯ ಜೆರಾಕ್ಸ್ ಅಂಗಡಿಗೆ ಹೋಗಿ, ಅದೇ ಬಿಲ್ಲನ್ನು ದುಡ್ಡು ಕೊಟ್ಟು ತೆಗೆಸಿಕೊಳ್ಳುತ್ತಾರೆ, ಒಂದಲ್ಲ, ಎರಡು. ಇದನ್ನು ಕಲ್ಲಾ ಪೆಟ್ಟಿಗೆಯ ಹಿಂದಿನಿಂದ ನೋಡುತ್ತ ಕೂತ ಷಡ್ಡಕರು ನಿನ್ನೆ ಫೋನ್ ಮಾಡಿ ಕೇಳಿದರು: “ಅಣ್ಣ, ಮೈಸೂರಲ್ಲಿ ಸೆಕೆಂಡ್ ಹ್ಯಾಂಡ್ ಜೆರಾಕ್ಸ್ ಮೆಷಿನ್ ಎಷ್ಟಕ್ಕೆ ಸಿಕ್ತದೆ?”