ಗುಬ್ಬಿ ಮೇಲೆ ಬ್ರಹ್ಮಾಸ್ತ್ರ

ಪಾತ್ರಗಳು

ಚಿಕ್ಕಣ್ಣ: ಗುಬ್ಬಿ ತಾಲ್ಲೂಕಿನ ತೆಂಗು, ಅಡಿಕೆ ಬೆಳೆಗಾರ. ಕೊಬ್ಬರಿ ಮಾರಿದ ದುಡ್ಡು ಒಳಜೇಬಿನಲ್ಲಿದೆ.
ಸಾವಿತ್ರಮ್ಮ: ಅವನ ಹೆಂಡತಿ. ಒಳಜೇಬಿನ ಲೆಕ್ಕ ಇವಳ ಹತ್ತಿರ ಇದೆ.
ರಂಗಪ್ಪ: ಕುಣಿಗಲ್ ಕಡೆಯ ಬೀಗರು. ಇವರ ಪಡಸಾಲೆ ಗೋಡೆಯ ಮೇಲೆ ಬಂದೂಕಿದೆ.
ಪುಟ್ಟರಾಜು: ಚಿಕ್ಕಣ್ಣನ ಅಕ್ಕನ ಮಗ. ತುಮಕೂರಿನಲ್ಲಿ ಮೊಬೈಲ್ ಅಂಗಡಿ. ಬಂದೂಕು ಮುಟ್ಟಿಲ್ಲ, ಬಂದೂಕಿನ ವಿಡಿಯೊ ಒಂದನ್ನೂ ಬಿಟ್ಟಿಲ್ಲ.
ಗುಂಡಣ್ಣ: ನಿವೃತ್ತ ಗುಮಾಸ್ತ. ಬಂದೂಕಿನ ಲೈಸೆನ್ಸ್ ಕಡತಗಳ ನಡುವೆ ತಲೆ ಬೆಳ್ಳಗಾದವರು.

(ಕ್ಯಾತ್ಸಂದ್ರದ ಒಂದು ತಟ್ಟೆ ಇಡ್ಲಿ ಹೋಟೆಲು. ಬೆಳಗ್ಗೆ ಎಂಟು ಗಂಟೆ. ಐವರೂ ಒಂದೇ ಮೇಜಿಗೆ ಒತ್ತಿಕೊಂಡು ಕೂತಿದ್ದಾರೆ.)

ಚಿಕ್ಕಣ್ಣ: ನಲವತ್ತು ಸಾವಿರ ಐತೆ ಗುಂಡಣ್ಣ. ಹಂದಿಗೂ ಆಗ್ಬೇಕು, ನವಿಲಿಗೂ ಆಗ್ಬೇಕು, ಕೋತಿಗೂ ಆಗ್ಬೇಕು, ಕಳ್ಳರಿಗೂ ಆಗ್ಬೇಕು. ಅಂಥದ್ದೊಂದು ಬಂದೂಕು ಹೇಳಿ.

ಗುಂಡಣ್ಣ: ನೀನು ಬಂದೂಕು ಕೇಳ್ತಿದ್ದೀಯೋ, ಸರ್ವರೋಗಕ್ಕೆ ಒಂದೇ ಮಾತ್ರೆ ಕೇಳ್ತಿದ್ದೀಯೋ?

ಪುಟ್ಟರಾಜು: ಮಾವ, ಅದಕ್ಕೇ ಹೇಳ್ತಿರೋದು, ಸೆಮಿ ಆಟೋಮ್ಯಾಟಿಕ್ ತಗೊಳ್ಳಿ ಅಂತ. ಒಂದ್ಸಲ ಕುದುರೆ ಎಳೆದ್ರೆ ಒಂದು ಗುಂಡು. ಖಾಲಿ ತೋಟೆ ತಾನೇ ಆಚೆ ಹಾರುತ್ತೆ, ಹೊಸದು ತಾನೇ ಬಂದು ಕೂರುತ್ತೆ. ಮತ್ತೆ ಕುದುರೆ ಎಳೀರಿ, ಮತ್ತೆ ಢಂ!

ರಂಗಪ್ಪ: ಕುದುರೆ ವಿಷಯ ಕುಣಿಗಲ್‌ನವರ ಮುಂದೆ ಹೇಳ್ಬೇಡ ಕಣಪ್ಪ. ಟಿಪ್ಪು ಕಾಲದಿಂದ ಕುದುರೆ ಸಾಕಿದ ಊರು ನಮ್ದು.

ಪುಟ್ಟರಾಜು: (ಮೊಬೈಲ್ ತೋರಿಸುತ್ತಾ) ಇಟಲಿಯ ಬೆನೆಲ್ಲಿ, ಬೆರೆಟ್ಟಾ ಎಲ್ಲಾ ದುಬಾರಿ. ಟರ್ಕಿ ದೇಶದ್ದು ಸಸ್ತಾ. ಅದರಲ್ಲೂ ಎರಡು ಥರ. ಒಂದು ಧಕ್ಕೆ ಮೇಲೆ ಓಡುತ್ತೆ, ಇನ್ನೊಂದು ಗ್ಯಾಸ್ ಮೇಲೆ ಓಡುತ್ತೆ.

ಸಾವಿತ್ರಮ್ಮ: ಗ್ಯಾಸಾ? ಅಡುಗೆಗೇ ಸಿಲಿಂಡರ್ ಕಾಯ್ಕೊಂಡು ಕೂತಿದ್ದೀನಿ. ಇದಕ್ಕೊಂದು ಬೇರೆ ಬುಕ್ ಮಾಡ್ಲಾ?

ಪುಟ್ಟರಾಜು: ಆ ಗ್ಯಾಸ್ ಅಲ್ಲ ಅತ್ತೆ. ಮದ್ದು ಉರಿದಾಗ ಹುಟ್ಟೋ ಅನಿಲದಲ್ಲಿ ಒಂದು ಪಾಲು ಹಿಂದಕ್ಕೆ ಬಂದು ಪಿಸ್ಟನ್ ತಳ್ಳುತ್ತೆ. ಭುಜಕ್ಕೆ ಏಟು ಕಮ್ಮಿ. ಆದ್ರೆ ಒಳಗೆಲ್ಲ ಮಸಿ ಕಟ್ಟುತ್ತೆ, ಆಗಾಗ ಬಿಚ್ಚಿ ತೊಳೀಬೇಕು.

ಸಾವಿತ್ರಮ್ಮ: ತೊಳೆಯೋ ಪಾತ್ರೆ ಲೆಕ್ಕಕ್ಕೆ ಇನ್ನೊಂದು ಸೇರಿತು ಅನ್ನು.

ಚಿಕ್ಕಣ್ಣ: ಅಲ್ಲಪ್ಪಾ, ಅದ್ರ ಮೇಲೆ ಹನ್ನೆರಡು ಬೋರ್ ಅಂತ ಬರೆದೈತಲ್ಲ. ನಮ್ಮ ಹೊಲ್ದಾಗೆ ನಾಲ್ಕು ಬೋರ್ ಫೇಲಾಗಿ ಸಾಲ ಇನ್ನೂ ತೀರಿಲ್ಲ. ಹನ್ನೆರಡು ಬೋರ್ ಎಲ್ಲಿ ಕೊರೆಸ್ಲಿ?

ಗುಂಡಣ್ಣ: (ನಗುತ್ತಾ) ಇದು ನೀರಿನ ಬೋರ್ ಅಲ್ಲ ಚಿಕ್ಕಣ್ಣ, ನಳಿಗೆ ಅಳತೆ. ಒಂದು ಪೌಂಡ್ ಸೀಸದಲ್ಲಿ ಒಂದೇ ಸಮ ಹನ್ನೆರಡು ಗುಂಡು ಕಟ್ಟು. ಆ ಒಂದು ಗುಂಡು ಯಾವ ನಳಿಗೆಗೆ ಸರಿಯಾಗಿ ಕೂರುತ್ತೋ ಅದು ಹನ್ನೆರಡು ಬೋರ್. ಹೆಚ್ಚೂ ಕಮ್ಮಿ ಹದಿನೆಂಟೂವರೆ ಮಿಲಿಮೀಟರ್.

ಚಿಕ್ಕಣ್ಣ: ಹಂಗಾದ್ರೆ ಇಪ್ಪತ್ತು ಬೋರ್ ಇನ್ನೂ ದೊಡ್ಡದು!

ಸಾವಿತ್ರಮ್ಮ: ಅಷ್ಟೂ ತಿಳಿಯಲ್ವಾ? ಅದೇ ಹಿಟ್ಟಲ್ಲಿ ಹನ್ನೆರಡು ಮುದ್ದೆ ಕಟ್ಟಿದ್ರೆ ದೊಡ್ಡ ಮುದ್ದೆ. ಇಪ್ಪತ್ತು ಕಟ್ಟಿದ್ರೆ ಚಿಕ್ಕ ಮುದ್ದೆ. ಮದುವೆ ಆದಾಗಿಂದ ಹನ್ನೆರಡು ಬೋರ್ ಮುದ್ದೆ ತಿಂತಾ ಕೂತು, ಈಗ ಕೇಳ್ತಾರೆ.

ಗುಂಡಣ್ಣ: ನಲವತ್ತು ವರ್ಷ ಕಡತ ನೋಡಿದೆ. ಇಷ್ಟು ಚೆನ್ನಾಗಿ ನನಗೆ ಯಾರೂ ಹೇಳಿರಲಿಲ್ಲ ತಾಯಿ.

ಪುಟ್ಟರಾಜು: ನಳಿಗೆ ಬಾಯಲ್ಲಿ ಚೋಕ್ ಅಂತ ಇರುತ್ತೆ. ಅದು ಬಿಗಿ ಇದ್ರೆ ಚರೆ ಒಟ್ಟಿಗೆ ದೂರ ಹೋಗುತ್ತೆ, ಸಡಿಲ ಇದ್ರೆ ಹತ್ತಿರದಲ್ಲೇ ಹರಡುತ್ತೆ.

ಚಿಕ್ಕಣ್ಣ: ಅದು ಗೊತ್ತು ಬಿಡು. ಅಡಿಕೆಗೆ ಬೋರ್ಡೋ ಹೊಡೆಯೋ ನಾಜಲ್ ಥರ. ಗೊನೆಗೆ ಬಿಗಿ ಮಾಡ್ಬೇಕು, ಗಿಡಕ್ಕೆ ಸಡಿಲ ಬಿಡ್ಬೇಕು. ಆಯ್ತು, ಟರ್ಕಿದೇ ಹಾಕು.

ಗುಂಡಣ್ಣ: ಹಾಕೋಕೆ ಅದು ಇಡ್ಲೀನಾ? ಕೇಳು. ಬಂದೂಕಿಗೆ 1959ರ ಕಾಯ್ದೆ ಇದೆ, ಅದಕ್ಕೆ 2016ರ ನಿಯಮಗಳಿವೆ. ಆ ನಿಯಮದ ಪಟ್ಟಿಯಲ್ಲಿ ನಿನ್ನ ಸೆಮಿ ಆಟೋಮ್ಯಾಟಿಕ್ ಬಂದೂಕು ಕೂತಿರೋದು ಮೊದಲನೇ ವರ್ಗದಲ್ಲಿ.

ಚಿಕ್ಕಣ್ಣ: ಮೊದಲನೇ ವರ್ಗ ಅಂದ್ರೆ ಫಸ್ಟ್ ಕ್ಲಾಸ್! ಒಳ್ಳೇದೇ ಆಯ್ತಲ್ಲ.

ಗುಂಡಣ್ಣ: ನಿರ್ಬಂಧದಲ್ಲಿ ಫಸ್ಟ್ ಕ್ಲಾಸ್ ಕಣಯ್ಯ! ಅದರ ಲೈಸೆನ್ಸ್ ಕೊಡೋದು ನಮ್ಮ ಡಿ.ಸಿ. ಕೈಲಿಲ್ಲ. ದಿಲ್ಲಿ ಗೃಹ ಸಚಿವಾಲಯದ ಬಾಗಿಲಿಗೆ ಹೋಗ್ಬೇಕು. ಹೋಗಿ ಏನಂತೀಯ? ‘ಸ್ವಾಮಿ, ನಮ್ಮ ತೋಟಕ್ಕೆ ಹಂದಿ ನುಗ್ತಾವೆ’ ಅಂತೀಯಾ?

ಪುಟ್ಟರಾಜು: ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆನೇ ಐತೆ ಸಾರ್. 2023ರ ಫೆಬ್ರವರಿಯಲ್ಲಿ ಪ್ರಧಾನಿನೇ ಬಂದು ಉದ್ಘಾಟನೆ ಮಾಡಿದ್ರು. ಅಂಥಾ ಊರಿಗೆ ಒಂದು ಬಂದೂಕು ಕೊಡಲ್ವಾ?

ಸಾವಿತ್ರಮ್ಮ: ಹಂದಿ ಓಡ್ಸೋಕೆ ಹೆಲಿಕಾಪ್ಟರೇ ಕೇಳ್ರಿ. ಅದಕ್ಕೆ ನಲವತ್ತು ಸಾವಿರ ಸಾಕಾಗುತ್ತಾ ವಿಚಾರಿಸಿ.

ಚಿಕ್ಕಣ್ಣ: ಕೊಡಗಿನವರಿಗೆ ಲೈಸೆನ್ಸೇ ಬೇಡವಂತೆ?

ಗುಂಡಣ್ಣ: ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ವಿನಾಯಿತಿ ಇದೆ. 2029ರವರೆಗೆ ಮುಂದುವರಿಸಿದ್ದಾರೆ. ಏನ್ಮಾಡ್ತೀಯ, ನೀನು ಗುಬ್ಬೀಲಿ ಹುಟ್ಟಿ ಕೆಟ್ಟೆ. ನಿನಗೆ ಡಿ.ಸಿ. ಕೈಲಿರೋದೇ ಗತಿ. ಒಂಟಿ ನಳಿಗೆ, ಜೋಡಿ ನಳಿಗೆ, ಬಾಯಿಂದ ಮದ್ದು ತುಂಬೋ ನಾಡಬಂದೂಕು. ಪಂಪ್ ಆ್ಯಕ್ಷನ್ ಅಂತಾನೂ ಇದೆ, ತಿರುಚಿರಾಪಳ್ಳಿ ಆರ್ಡ್‌ನೆನ್ಸ್ ಕಾರ್ಖಾನೆಯದು. ತೋಟೆ ತಾನೇ ಬರಲ್ಲ, ಕೈಯಲ್ಲಿ ಹಿಂದಕ್ಕೂ ಮುಂದಕ್ಕೂ ಎಳೀಬೇಕು.

ಚಿಕ್ಕಣ್ಣ: ಔಷಧಿ ಪಂಪ್ ಎಳೆದೆಳೆದೇ ನನ್ನ ಭುಜ ಹೋಗೈತೆ. ಒಂಟಿ ನಳಿಗೆನೇ ಇರ್ಲಿ. ನಮ್ಮ ಬೀಗರ ಮನೇಲಿ ಇರೋದೂ ಅದೇ ಅಲ್ವಾ? ಹೇಳಿ ಬೀಗರೇ, ನಿಮ್ದು ಹೆಂಗೆ ಕೆಲಸ ಮಾಡುತ್ತೆ?

ರಂಗಪ್ಪ: (ಇಡ್ಲಿ ಮುರಿಯುತ್ತಾ) ಇವತ್ತು ಚಟ್ನಿ ಬಲೇ ಚೆನ್ನಾಗೈತೆ.

ಚಿಕ್ಕಣ್ಣ: ಚಟ್ನಿ ಅಲ್ಲ, ಬಂದೂಕು.

ರಂಗಪ್ಪ: ನಮ್ಮಪ್ಪನ ಕಾಲದ್ದು ಬೀಗರೇ. ಎಲೆಕ್ಷನ್ ಬಂತು ಅಂದ್ರೆ ಠಾಣೆಯಲ್ಲಿ ಜಮಾ. ಪಂಚಾಯ್ತಿ ಎಲೆಕ್ಷನ್‌ಗೆ ಒಂದ್ಸಲ, ಅಸೆಂಬ್ಲಿಗೆ ಒಂದ್ಸಲ, ಪಾರ್ಲಿಮೆಂಟಿಗೆ ಒಂದ್ಸಲ. ಅದು ನಮ್ಮ ಮನೇಲಿದ್ದಿದ್ದಕ್ಕಿಂತ ಠಾಣೇಲಿದ್ದಿದ್ದೇ ಜಾಸ್ತಿ. ಅದು ಅಲ್ಲಿಗೆ ಹೋದ ದಿನವೇ ಹಂದಿ ಹೊಲಕ್ಕೆ ಬರೋವು.

ಗುಂಡಣ್ಣ: ನೀತಿ ಸಂಹಿತೆ ನಮಗೆ, ಹಂದಿಗಲ್ವಲ್ಲ!

ಚಿಕ್ಕಣ್ಣ: ಒಂಟಿ ನಳಿಗೆಗೆ ಏನೇನು ಬೇಕು?

ಗುಂಡಣ್ಣ: ಅರ್ಜಿ ಈಗ ಆನ್‌ಲೈನು. ಆಮೇಲೆ ಪೊಲೀಸ್ ವರದಿ. ಮೈಯೂ ಮನಸ್ಸೂ ಸರಿಯಿದೆ ಅಂತ ಡಾಕ್ಟರ್ ಸರ್ಟಿಫಿಕೇಟು.

ಸಾವಿತ್ರಮ್ಮ: ಮನಸ್ಸಿಂದೂ ಕೇಳ್ತಾರಾ? ಹಂಗಾದ್ರೆ ಇಲ್ಲೇ ನಿಂತೋಯ್ತು ಬಿಡಿ.

ಗುಂಡಣ್ಣ: ಬಂದೂಕು ಹಿಡಿಯೋ ತರಬೇತಿ ಸರ್ಟಿಫಿಕೇಟು. ಮನೇಲಿ ಭದ್ರವಾಗಿ ಇಡೋ ವ್ಯವಸ್ಥೆ. ಬೆಳೆ ರಕ್ಷಣೆಗೆ ಅಂತ ಬೇರೆ ಲೈಸೆನ್ಸೂ ಇದೆ, ಅದಕ್ಕೆ ಪಹಣಿ ಬೇಕು. ಸಿಕ್ಕಿದ್ರೆ ಐದು ವರ್ಷ. 2019ರ ತಿದ್ದುಪಡಿಗೆ ಮುಂಚೆ ಮೂರೇ ವರ್ಷ ಇತ್ತು. ಬಂದೂಕಿನ ಬೆಲೆ ಆಮೇಲೆ ನೋಡು, ಮೊದಲು ಗುಬ್ಬಿಯಿಂದ ತುಮಕೂರಿಗೆ ಬಸ್ ಚಾರ್ಜಿನ ಲೆಕ್ಕ ಹಾಕು.

ಚಿಕ್ಕಣ್ಣ: ಹಾಕ್ತೀನಿ. ಬಂದ್ಮೇಲೆ ಹೊಡೀಬಹುದಲ್ಲ?

ಗುಂಡಣ್ಣ: ಏನನ್ನ?

ಚಿಕ್ಕಣ್ಣ: ನವಿಲು. ಕಡ್ಲೆಕಾಯಿ ಬಿತ್ತಿದ್ದೆಲ್ಲಾ ಕೆದಕಿ ತಿಂದಾವೆ.

ಗುಂಡಣ್ಣ: ರಾಷ್ಟ್ರಪಕ್ಷಿ ಕಣಯ್ಯಾ! 1972ರ ವನ್ಯಜೀವಿ ಕಾಯ್ದೆಯಲ್ಲಿ ಒಂದನೇ ಅನುಸೂಚಿ. ಮೂರರಿಂದ ಏಳು ವರ್ಷ ಒಳಗೆ. ಗರಿ ಎಣಿಸ್ತಾ ಕೂರ್ಬೇಕಾಗುತ್ತೆ.

ಚಿಕ್ಕಣ್ಣ: ಕೋತಿ? ಎಳನೀರು ಕಿತ್ತು ಅರ್ಧ ಕುಡಿದು ನನ್ನ ಮೇಲೇ ಎಸೀತಾವೆ.

ರಂಗಪ್ಪ: ಶಿವ ಶಿವಾ! ಶನಿವಾರ ಆಂಜನೇಯನಿಗೆ ಕಾಯಿ ಒಡೆಯೋದು, ಭಾನುವಾರ ಆಂಜನೇಯನಿಗೇ ಗುಂಡು ಹೊಡೆಯೋದಾ ಬೀಗರೇ?

ಚಿಕ್ಕಣ್ಣ: ಹಂದಿ?

ಗುಂಡಣ್ಣ: ಬೆಳೆ ಹಾಳು ಮಾಡಿದ್ರೂ ಅರಣ್ಯ ಇಲಾಖೆ ಲಿಖಿತ ಅನುಮತಿ ಬೇಕು. ಬಂದೂಕಿನ ಲೈಸೆನ್ಸ್ ಬೇರೆ, ಹೊಡೆಯೋ ಅನುಮತಿ ಬೇರೆ. ಮದುವೆ ಆದ ಮಾತ್ರಕ್ಕೆ ಮನೇಲಿ ನಿನ್ನ ಮಾತು ನಡೆಯುತ್ತೆ ಅಂತ ಆಯ್ತಾ? ಹಾಗೇ ಇದು.

ಚಿಕ್ಕಣ್ಣ: (ಸೋತು) ಕಳ್ಳರು?

ಗುಂಡಣ್ಣ: ಕಾಯಿ ಕದ್ದೋನಿಗೆ ಗುಂಡು ಹೊಡೆದ್ರೆ ಅವನು ಆಸ್ಪತ್ರೆಗೆ, ನೀನು ಜೈಲಿಗೆ, ಕಾಯಿ ಕೋತಿಗೆ.

ಪುಟ್ಟರಾಜು: ಹಂಗಾದ್ರೆ ನಮ್ಮ ಮಾವನ ಆಲ್‌ರೌಂಡ್ ಬಂದೂಕಿನಿಂದ ಹೊಡೆಯೋಕೆ ಉಳಿದಿರೋದೇನು?

ಗುಂಡಣ್ಣ: ಗಾಳಿ. ಅದೂ ತೋಟೆ ಲೆಕ್ಕ ಇಟ್ಕೊಂಡು.

ಸಾವಿತ್ರಮ್ಮ: ಗುಬ್ಬಿ ಮೇಲೆ ಬ್ರಹ್ಮಾಸ್ತ್ರ ಅನ್ನೋ ಗಾದೆ ನಮ್ಮೂರಿಗೇ ಮಾಡಿದ್ದು ಅಂತ ಇವತ್ತು ಗೊತ್ತಾಯ್ತು. ನಾನೊಂದು ಕೇಳ್ತೀನಿ ಪುಟ್ಟರಾಜು, ಆ ಸೆಮಿ ಅಂದ್ರೇನು?

ಪುಟ್ಟರಾಜು: ಅರ್ಧ ಅತ್ತೆ. ಅರ್ಧ ಕೆಲಸ ಅದೇ ಮಾಡ್ಕೊಳ್ಳುತ್ತೆ, ಇನ್ನರ್ಧ ನಾವು ಮಾಡ್ಬೇಕು.

ಸಾವಿತ್ರಮ್ಮ: ಅಂಥದ್ದೊಂದು ನಮ್ಮನೇಲಿ ಆಗ್ಲೇ ಐತೆ ಬಿಡು. ಊಟಕ್ಕೆ ಕರೆದ್ರೆ ತಾನೇ ಎದ್ದು ಬರುತ್ತೆ. ರಾತ್ರಿ ಹಂದಿ ಬಂದ್ರೆ ನಾನು ಅಲ್ಲಾಡಿಸಿ ಎಬ್ಬಿಸ್ಬೇಕು. ಎಬ್ಬಿಸಿದ್ರೂ ಸಿಡಿಯಲ್ಲ, ಮಗ್ಗುಲು ಬದಲಾಯಿಸುತ್ತೆ. ಕಡೆಗೆ ತಟ್ಟೆ, ಸೌಟು ಹಿಡ್ಕೊಂಡು ಬಡೀತಾ ಹೋಗೋಳು ನಾನೇ. ಆ ತಟ್ಟೆಗೆ ಲೈಸೆನ್ಸೂ ಇಲ್ಲ, ಎಲೆಕ್ಷನ್‌ಗೆ ಜಮಾನೂ ಇಲ್ಲ.

ಗುಂಡಣ್ಣ: ತಾಯಿ ಹೇಳೋದು ಸರಿ. ಆ ದುಡ್ಡಿಗೆ ಸೋಲಾರ್ ಬೇಲಿ ನೋಡು. ಕ್ಷಣಕ್ಕೊಂದು ಜುಮ್ಮೆನ್ನೋ ಏಟು, ಹಂದಿ ಹೆದರುತ್ತೆ, ಸಾಯಲ್ಲ. ಆದ್ರೆ ಕಂಬದ ಕರೆಂಟನ್ನ ನೇರ ತಂತಿಗೆ ಎಳೀಬೇಡ. ಅದು ಅಪರಾಧ, ಹಂದಿಗಿಂತ ಮುಂಚೆ ಮನುಷ್ಯನೇ ಸಾಯ್ತಾನೆ.

ಚಿಕ್ಕಣ್ಣ: (ಇಡ್ಲಿ ತಟ್ಟೆ ದೂರ ತಳ್ಳಿ) ಬೇಲಿಯನ್ನ ಗೋಡೆ ಮೇಲೆ ತೂಗು ಹಾಕೋಕಾಗುತ್ತಾ?

(ಎಲ್ಲರೂ ಸುಮ್ಮನಾಗುತ್ತಾರೆ.)

ಸಾವಿತ್ರಮ್ಮ: ಈಗ ಬಂತು ನೋಡಿ ಹಂದಿ ಆಚೆಗೆ! ಮಗಳ ಲಗ್ನದ ಮಾತಿಗೆ ಇವರ ಮನೆಗೆ ಹೋಗಿದ್ವಲ್ಲ, ಅವತ್ತು ಪಡಸಾಲೇಲಿ ಬಂದೂಕು ನೋಡಿ ಬಂದಾಗಿಂದ ಇವರಿಗೆ ಈ ರೋಗ. ‘ಬೀಗರ ಮನೇಲಿ ಬಂದೂಕು, ನಮ್ಮನೇಲಿ ಬರೀ ಕ್ಯಾಲೆಂಡರು’ ಅಂತ ರಾತ್ರಿ ನಿದ್ದೇಲೂ ಕನವರಿಸ್ತಾರೆ.

ರಂಗಪ್ಪ: (ಕೆಮ್ಮಿ) ಬೀಗರೇ, ಒಂದು ಮಾತು. ಬೇಜಾರು ಮಾಡ್ಕೋಬೇಡಿ.

ಚಿಕ್ಕಣ್ಣ: ಏನು, ಮಾರ್ತೀರಾ?

ರಂಗಪ್ಪ: ಮಾರೋಕೆ ಏನೈತೆ? ಅಪ್ಪ ತೀರಿಕೊಂಡ ವಾರವೇ ಅಸಲಿ ಬಂದೂಕನ್ನ ಠಾಣೆಗೆ ಒಪ್ಪಿಸಿಬಿಟ್ಟೆ. ಹೊಲ ಮಗನಿಗೆ ಬರುತ್ತೆ, ಸಾಲ ಮಗನಿಗೆ ಬರುತ್ತೆ, ಲೈಸೆನ್ಸ್ ಮಾತ್ರ ಬರಲ್ಲ. ನನ್ನ ಹೆಸರಲ್ಲಿ ಹೊಸದಾಗಿ ಅರ್ಜಿ ಹಾಕ್ಬೇಕು, ಡಾಕ್ಟರು, ತರಬೇತಿ ಎಲ್ಲಾ. ಯಾರು ಓಡಾಡ್ತಾರೆ?

ಚಿಕ್ಕಣ್ಣ: ಮತ್ತೆ ಗೋಡೆ ಮೇಲೆ ಇರೋದು?

ರಂಗಪ್ಪ: ಬಂದೂಕು ಇದ್ದ ಜಾಗದಲ್ಲಿ ಸುಣ್ಣ ಬೇರೆ ಬಣ್ಣ ಕಾಣ್ತಿತ್ತು. ಅದ್ನ ಮುಚ್ಚೋಕೆ ಊರಿನ ಸಂಗೊಳ್ಳಿ ರಾಯಣ್ಣ ನಾಟಕಕ್ಕೆ ಮಾಡಿಸಿದ್ದ ಬಂದೂಕು ತಗುಲಿ ಹಾಕಿದೆ. ಹಲಸಿನ ಮರದ್ದು. ನಳಿಗೆಗೆ ಪಿವಿಸಿ ಪೈಪು, ಮೇಲೆ ಕಪ್ಪು ಪೇಂಟು.

(ನೀರು ಕುಡಿಯುತ್ತಿದ್ದ ಪುಟ್ಟರಾಜು ನೆತ್ತಿಗೇರಿಸಿಕೊಂಡು ಕೆಮ್ಮುತ್ತಾನೆ.)

ಚಿಕ್ಕಣ್ಣ: ಪಿವಿಸಿ ಪೈಪಿಗಾ ನಾನು ಆರು ತಿಂಗಳಿಂದ ನಿದ್ದೆ ಕೆಟ್ಟಿದ್ದು?

ಸಾವಿತ್ರಮ್ಮ: ನೀವು ಎಲ್ಲಿ ಕೆಟ್ರಿ?

ಚಿಕ್ಕಣ್ಣ: ಮಾಡಿಸಿದ್ದೆಲ್ಲಿ ಬೀಗರೇ?

ರಂಗಪ್ಪ: ನಿಮ್ಮ ಗುಬ್ಬಿಯ ಬಡಗಿ ಹತ್ರಾನೇ. ಗುಬ್ಬಿ ವೀರಣ್ಣನವರ ಊರು, ನಾಟಕದ ಸಾಮಾನು ಅಲ್ಲಿ ಮಾಡಿಸದೆ ಇನ್ನೆಲ್ಲಿ ಮಾಡಿಸ್ಲಿ?

ಗುಂಡಣ್ಣ: ನಿಮ್ಮೂರಿಂದ ಹೋದ ಮರ ನೋಡಿ ನೀನೇ ಹೊಟ್ಟೆ ಉರ್ಕೊಂಡಿದ್ದೀಯಲ್ಲೋ! ಎಲ್ಲದಕ್ಕೂ ಆಗೋ ಬಂದೂಕು ಕೇಳಿದೆಯಲ್ಲ, ಇದೇ ನೋಡು. ತೊಳೆಯೋದು ಬೇಡ, ತೋಟೆ ಬೇಡ. ಗೆದ್ದಲು ಹಿಡಿಯದ ಹಾಗೆ ನೋಡ್ಕೊಂಡ್ರೆ ಆಯ್ತು. ಯಾರ ಕಡೆಗೂ ತೋರಿಸಿ ಹೆದರಿಸ್ಬೇಡ, ಅಷ್ಟೇ.

ಚಿಕ್ಕಣ್ಣ: (ಒಳಜೇಬಿಗೆ ಕೈ ಹಾಕಿ ದುಡ್ಡನ್ನು ಹೆಂಡತಿಗೆ ಕೊಡುತ್ತಾ) ತಗೋ, ಬೇಲಿ ಹಾಕ್ಸು. (ಸ್ವಲ್ಪ ತಡೆದು) ಅದ್ರಲ್ಲಿ ಐನೂರು ವಾಪಸ್ ಕೊಡು.

ಸಾವಿತ್ರಮ್ಮ: ಯಾಕೆ?

ಚಿಕ್ಕಣ್ಣ: ಬಡಗಿಗೆ ಅಡ್ವಾನ್ಸು. ಬೀಗರದು ಒಂಟಿ ನಳಿಗೆ. ನಾನು ಜೋಡಿ ನಳಿಗೆ ಮಾಡಿಸ್ತೀನಿ.