ಕಟಕ್

ಬೆಳಗಿನ ಜಾವ ಐದಕ್ಕೆ ಗರಾಜಿನೊಳಗಿಂದ 'ಢಣ್' ಎಂದಿತು. ಕ್ಯಾಲಿಫೋರ್ನಿಯಾದ ಬೆರ್ರಿಯೆಸಾದಲ್ಲಿ ಮನೆ ಮಾಡಿದವರಿಗೆ ಇಂಥ ಹೊತ್ತಿನಲ್ಲಿ ಬರುವುದು ಒಂದೇ ಅನುಮಾನ: ಭೂಕಂಪ. ಪೂರ್ವದ ಗುಡ್ಡಗಳ ಬುಡದಲ್ಲಿ ಹೇವರ್ಡ್ ಬಿರುಕು, ಅದರಾಚೆಗೆ ಕ್ಯಾಲವೆರಾಸ್ ಬಿರುಕು. ಈಚೆಗೆ ಮೂವತ್ತು ವರ್ಷದ ಸಾಲ ಹೊತ್ತ ನಮ್ಮ ಮನೆ. 2022ರ ಅಕ್ಟೋಬರ್ 25ರಂದು 5.1ರ ಪ್ರಮಾಣದಲ್ಲಿ ನೆಲ ನಡುಗಿದಾಗ ಅಡುಗೆಮನೆಯ ಡಬ್ಬಗಳು ಭಜನೆ ಮಾಡಿದ್ದು ಇನ್ನೂ ನೆನಪಿದೆ. ಹಾಗಾಗಿ ಹೆಂಡತಿ ಊಟದ ಮೇಜಿನಡಿ ಸೇರಿದಳು. ನಾನು ಫೋನಿನಲ್ಲಿ ಭೂಕಂಪದ ಪಟ್ಟಿ ತೆರೆದೆ. ಭೂಮಿ ತನಗೂ ಇದಕ್ಕೂ ಸಂಬಂಧವಿಲ್ಲ ಎಂದಿತು. ನೀರು ಕಾಯಿಸುವ ಹಂಡೆ ಸಿಡಿದಿರಲಿಲ್ಲ, ಇಲಿ ಏನನ್ನೂ ಬೀಳಿಸಿರಲಿಲ್ಲ. ಕಾರು ಎಂದಿನ ಹಾಗೆ ನಿಂತಿತ್ತು. ನಿಂತ ಕಾರನ್ನು ಯಾರು ಅನುಮಾನಿಸುತ್ತಾರೆ?

ಎಂಟು ಗಂಟೆಗೆ ಅದನ್ನು ಹಿಂದಕ್ಕೆ ತೆಗೆದು ಸ್ಟೀರಿಂಗ್ ತಿರುಗಿಸಿದಾಗ 'ಕಟಕ್' ಎಂದಿತು. ಇನ್ನೊಂದು ತಿರುವಿಗೆ ಮತ್ತೊಂದು ಕಟಕ್. 680ರ ಹೆದ್ದಾರಿಯಲ್ಲಿ ನೇರ ಹೋಗುವಾಗ ಮೌನ. ತಿರುವಿನಲ್ಲಿ ಮಾತ್ರ ಬಾಯಿ ಬಿಡುವ ಬಂಧುಗಳು ನನಗೆ ಗೊತ್ತು. ಕಾರೂ ಹಾಗಿರಬಹುದು ಎಂದು ಅಂದುಕೊಂಡಿರಲಿಲ್ಲ.

ಆ ಶನಿವಾರ ಗೆಳೆಯರ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಪ್ರಸಾದದ ತಟ್ಟೆ ಹಿಡಿದು ಸದ್ದಿನ ವಿಷಯ ಎತ್ತಿದೆ. ಅಲ್ಲಿದ್ದ ಒಂಬತ್ತು ಜನ ಗಂಡಸರೂ ಸಾಫ್ಟ್‌ವೇರಿನವರು. ಒಂಬತ್ತು ನಿದಾನಗಳು ಬಂದವು. ಬಾಲ್ ಜಾಯಿಂಟ್, ವ್ಹೀಲ್ ಬೇರಿಂಗ್, ಆಕ್ಸಲ್, ಕೊನೆಗೆ 'ಮಾರಿಬಿಡಿ ಸಾರ್'. ಸದ್ದು ಹೇಗಿತ್ತು ಎಂದು ಮಾತ್ರ ಯಾರೂ ಕೇಳಲಿಲ್ಲ.

ಅದನ್ನು ಕೇಳಿದವನು ವಿಯೆಟ್ನಾಮಿನ ಮುದುಕ ಮೆಕ್ಯಾನಿಕ್. ಅವನ ಇಂಗ್ಲಿಷೂ ನನ್ನ ಇಂಗ್ಲಿಷೂ ರಿಪೇರಿಯ ವಿಷಯದಲ್ಲಿ ಸಮಾನ ಬಡವರು. 'ಸದ್ದು ಮಾಡಿ ತೋರಿಸು' ಎಂದ. ಅನುಕರಣಾವ್ಯಯಕ್ಕೆ ಉದಾಹರಣೆ ಬರೆಯಿರಿ ಎಂದು ತೀರ್ಥಹಳ್ಳಿಯ ಶಾಲೆಯಲ್ಲಿ ಕೇಳುತ್ತಿದ್ದರು. ಧಗಧಗ, ಪಟಪಟ, ಚಟಚಟ ಎಂದು ಬರೆದು ಒಂದು ಅಂಕ ಗಳಿಸಿ ಮರೆತಿದ್ದೆ. ಅದು ಇಷ್ಟು ವರ್ಷದ ಮೇಲೆ ಬೆರ್ರಿಯೆಸಾದಲ್ಲಿ ಕೈಹಿಡಿಯಿತು. 'ಟಕ್ ಟಕ್ ಅಲ್ಲ, ಕಿರ್ರ್ ಅಲ್ಲ, ಗುರ್ರ್ ಅಂತೂ ಅಲ್ಲ. ಕಟಕ್!' ಎಂದೆ. ಅವನು ತನ್ನ ಭಾಷೆಯಲ್ಲಿ ಏನೋ ಒಂದು ಸದ್ದು ಮಾಡಿದ. ಅದೂ ಕಟಕ್ಕಿನ ದಾಯಾದಿಯೇ. ಇಬ್ಬರೂ ತಲೆಯಾಡಿಸಿದೆವು. ಗುರ್ರ್ ಎಂದಿದ್ದರೆ ಬೇರಿಂಗ್ ಇರಬಹುದಿತ್ತಂತೆ.

ಅವನು ಟೇಪು ತೆಗೆದು ಚಕ್ರದ ನಡುವಿನಿಂದ ಮೇಲಿನ ಮಡ್‌ಗಾರ್ಡಿನ ಅಂಚಿನವರೆಗೆ ಎರಡೂ ಕಡೆ ಅಳೆದ. ಬಲಗಡೆ ಒಂದಂಗುಲ ತಗ್ಗು. ಟಾರ್ಚು ಹಿಡಿದು ಒಳಗೆ ಬಗ್ಗಿ 'ನೋಡು' ಎಂದ. ಮುಂದಿನ ಬಲ ಸ್ಪ್ರಿಂಗಿನ ಕೆಳಸುತ್ತು ಮುರಿದು, ತುಂಡು ತಾನು ಕೂರುವ ತಟ್ಟೆಯಲ್ಲೇ ಹಲ್ಲುಕಡ್ಡಿಯಂತೆ ಸಿಕ್ಕಿಕೊಂಡಿತ್ತು. ಸ್ಟೀರಿಂಗ್ ತಿರುಗಿಸಿದಾಗ ಸ್ಪ್ರಿಂಗು ಎಡವುತ್ತ ಜಾರುತ್ತಿದ್ದದ್ದೇ ಆ ಕಟಕ್.

ನಾವು ಸ್ಪ್ರಿಂಗು ಕುಗ್ಗುತ್ತದೆ, ಹಿಗ್ಗುತ್ತದೆ ಎನ್ನುತ್ತೇವೆ. ನಿಜವಾಗಿ ಒಳಗಿನ ಕಂಬಿ ತಿರುಚಿಕೊಳ್ಳುತ್ತದೆ, ಒದ್ದೆ ಪಂಚೆ ಹಿಂಡಿದ ಹಾಗೆ. ಕೆಳಸುತ್ತು ಕೂರುವ ತಟ್ಟೆಯಲ್ಲಿ ನೀರೂ ಮರಳೂ ನಿಲ್ಲುತ್ತವೆ. ಉಜ್ಜಿ ಉಜ್ಜಿ ಬಣ್ಣ ಹೋಗುತ್ತದೆ, ತುಕ್ಕು ಒಂದು ಸಣ್ಣ ಕುಳಿ ತೋಡುತ್ತದೆ, ಪ್ರತಿ ಹಿಂಡುವಿಕೆಗೂ ಆ ಕುಳಿಯಿಂದ ಬಿರುಕು ಕೂದಲೆಳೆಯಷ್ಟು ಮುಂದುವರಿಯುತ್ತದೆ. ನಮ್ಮ ಕಾರಿನ ಬಾಲ್ಯ ಕಳೆದದ್ದು ಮಿಷಿಗನ್ನಿನಲ್ಲಿ, ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ಕಡೆ. ಉಪ್ಪು ತಿಂದದ್ದು ಅಲ್ಲಿ, ನೀರು ಕುಡಿದದ್ದು ಇಲ್ಲಿ.

ಆದರೆ ನಿಂತಲ್ಲೇ ಏಕೆ ಮುರಿಯಿತು? ಸಿಯೆರಾ ರೋಡಿನ ಕಡಿದಾದ ಇಳಿಜಾರು, 2011ರ ಟೂರ್ ಆಫ್ ಕ್ಯಾಲಿಫೋರ್ನಿಯಾದಲ್ಲಿ ಘಟಾನುಘಟಿ ಸೈಕಲ್ಲುಗಾರರ ಉಸಿರು ಹಿಂಡಿದ ರಸ್ತೆ, ಅಲ್ಲಿ ಮುರಿಯದ್ದು ಗರಾಜಿನಲ್ಲೇಕೆ? ಮುದುಕ ನಕ್ಕ. ನಿಂತರೂ ಭಾರ ಇಳಿಯುವುದಿಲ್ಲವಲ್ಲ, ಸ್ಪ್ರಿಂಗಿಗೆ ಭಾನುವಾರವಿಲ್ಲ ಎಂದ. 1906ರ ಸ್ಯಾನ್ ಫ್ರಾನ್ಸಿಸ್ಕೋ ಭೂಕಂಪದ ಬಳಿಕ ಹ್ಯಾರಿ ಫೀಲ್ಡಿಂಗ್ ರೀಡ್ ಎಂಬ ಭೂವಿಜ್ಞಾನಿ 1910ರಲ್ಲಿ ಹೇಳಿದ್ದೂ ಸುಮಾರಾಗಿ ಇದನ್ನೇ: ಬಿರುಕಿನ ಎರಡು ಕಡೆಯ ಬಂಡೆಗಳು ವರ್ಷಗಟ್ಟಲೆ ಸದ್ದಿಲ್ಲದೆ ಬಾಗುತ್ತವೆ, ತಾಳಲಾರದ ದಿನ ಜಾರಿ ನೆಟ್ಟಗಾಗುತ್ತವೆ. ಅಂದಮೇಲೆ ನನ್ನ ಹೆಂಡತಿ ಮೇಜಿನಡಿ ಹೋದದ್ದು ತಪ್ಪೇನಲ್ಲ. ಭೂಕಂಪವೇ ಆಗಿತ್ತು, ಗರಾಜಿನ ಅಳತೆಯದು.

ಎಳೆದಷ್ಟೇ ಬಲ ಎಂಬ ಸ್ಪ್ರಿಂಗಿನ ನಿಯಮ ಕಂಡುಕೊಂಡ ರಾಬರ್ಟ್ ಹುಕ್, ಬೇರೆಯವರು ಕದ್ದಾರೆಂದು 1676ರಲ್ಲಿ ಅದನ್ನು ಅಕ್ಷರ ಕಲಸಿದ ಒಗಟಾಗಿ ಅಚ್ಚುಹಾಕಿಸಿ, 1678ರಲ್ಲಿ ಬಿಡಿಸಿ ಹೇಳಿದ. ನಮ್ಮ ಸಿಲಿಕಾನ್ ಕಣಿವೆಯಲ್ಲಿ ಹುಟ್ಟಬೇಕಿದ್ದವನು. ಮುರಿದು ಸುತ್ತು ಕಡಿಮೆಯಾದ ಸ್ಪ್ರಿಂಗು ಮೊದಲಿಗಿಂತ ಬಿರುಸಾಗುತ್ತದೆ ಎಂಬುದೂ ಅದೇ ಲೆಕ್ಕದ ಸಂತತಿ. ಎತ್ತರ ಕಳೆದುಕೊಂಡ ಮೇಲೆ ಬಿಗಿ ಹೆಚ್ಚುವ ನಿವೃತ್ತ ಅಧಿಕಾರಿಗಳನ್ನು ನಾನು ಕಂಡಿದ್ದೇನೆ.

ಬಿರುಕು ಮೊದಲೇ ಏಕೆ ಯಾರ ಕಣ್ಣಿಗೂ ಬೀಳಲಿಲ್ಲ? ಇಲ್ಲಿ ಇಂಥ ಹಳೆಯ ಕಾರಿಗೆ ಎರಡು ವರ್ಷಕ್ಕೊಮ್ಮೆ ಹೊಗೆ ಪರೀಕ್ಷೆ ಕಡ್ಡಾಯ. ಉಸಿರು ನೋಡುತ್ತಾರೆ, ಮಂಡಿ ನೋಡುವುದಿಲ್ಲ.

ನಾನೇ ಬದಲಿಸೋಣ ಎಂಬ ಹುರುಪಿನಲ್ಲಿ ಬೆರ್ರಿಯೆಸಾ ರಸ್ತೆಯ ಸಂತೆಗೆ ಹೋದೆ. 1960ರಲ್ಲಿ ಶುರುವಾದ ಸಂತೆ. ಸ್ಪ್ಯಾನಿಷ್ ಬಾಯಲ್ಲಿ 'ಲಾ ಪುಲ್ಗಾ', ಅಂದರೆ ಚಿಗಟ. 2020ರಲ್ಲಿ ಪಕ್ಕಕ್ಕೇ ಬಾರ್ಟ್ ರೈಲು ಬಂತು, 2021ರಲ್ಲಿ ಆ ಜಾಗದಲ್ಲಿ ಮನೆ, ಕಚೇರಿ ಎಬ್ಬಿಸಲು ನಗರಸಭೆ ಒಪ್ಪಿಗೆ ಕೊಟ್ಟಿತು. ಹಳೆಯ ಸ್ಪ್ಯಾನರ್, ಮಾವಿನಹಣ್ಣು, ಹುಂಜಗಳ ನಡುವೆ ಸ್ಪ್ರಿಂಗ್ ಅದುಮುವ ಜೋಡಿ ಕ್ಲಾಂಪು ಹನ್ನೆರಡು ಡಾಲರಿಗೆ ಸಿಕ್ಕಿತು. ಹೆಮ್ಮೆಯಿಂದ ಮುದುಕನಿಗೆ ತೋರಿಸಿದೆ. ಅವನು ಅದರ ತಿರುಪಿನ ಸವೆದ ಎಳೆಗಳನ್ನು ಉಗುರಿನಿಂದ ಮುಟ್ಟಿ, 'ಮದುವೆ ಆಗಿದೆಯಾ?' ಎಂದು ಕೇಳಿದ. ಆಗಿದೆ ಎಂದೆ. 'ಹಾಗಾದರೆ ಇದನ್ನು ಎಸೆ.'

ಅದುಮಿದ ಸ್ಪ್ರಿಂಗಿನೊಳಗೆ ನೂರಾರು ಕಿಲೋ ಒತ್ತಡ ಇರುತ್ತದೆ. ಅದನ್ನು ಅದುಮಿ ಹಿಡಿಯದೆ, ಅದನ್ನು ಹೊತ್ತ ಸ್ಟ್ರಟ್ಟಿನ ನೆತ್ತಿಯ ನಟ್ಟು ಬಿಚ್ಚಿದರೆ ಗುಂಡಿನಂತೆ ಹಾರುತ್ತದೆ. ಮುದುಕ ತನ್ನ ಗೋಡೆಗೆ ಬಿಗಿದ ಅದುಮುವ ಯಂತ್ರದಲ್ಲಿ ಕೆಲಸ ಮುಗಿಸಿದ. ಒಂದು ಕಡೆ ಮುರಿದರೂ ಎರಡೂ ಕಡೆ ಹೊಸದೇ. ಇಲ್ಲದಿದ್ದರೆ ಕಾರು ಕುಂಟುತ್ತದೆ. ಕೊನೆಗೆ ಚಕ್ರಗಳ ಅಲೈನ್‌ಮೆಂಟು.

ಹಳೆಯ ಜೋಡಿಯನ್ನು ಕೇಳಿ ತಂದೆ. ಕಾರಣವಿದೆ. ಆಗುಂಬೆಯ ಹದಿನಾಲ್ಕು ತಿರುವುಗಳಲ್ಲಿ ಬಸ್ಸು ನಿಂತಾಗ ಕಂಡಕ್ಟರು 'ಪಾಟಾ ಕಟ್ಟು', ಅಂದರೆ ಪ್ಲೇಟಿನ ಸ್ಪ್ರಿಂಗು ಮುರಿದಿದೆ, ಎಂದು ಇಳಿಯುತ್ತಿದ್ದ. ಹಾಗೆ ಮುರಿದ ಪ್ಲೇಟುಗಳು ಕಮ್ಮಾರನ ಕುಲುಮೆ ಸೇರಿ ಕತ್ತಿಗಳಾಗುತ್ತಿದ್ದವು. ಹಲಸಿನಕಾಯಿ ಹೆಚ್ಚಲು ಲಾರಿ ಪ್ಲೇಟಿನ ಕತ್ತಿಯೇ ಆಗಬೇಕು ಎಂಬುದು ನಮ್ಮಮ್ಮನ ಪಕ್ಷ. ವಿಡಿಯೋದಲ್ಲಿ ಸ್ಪ್ರಿಂಗು ತೋರಿಸಿದೆ. 'ಇದು ದುಂಡಗಿದೆಯಲ್ಲೋ' ಎಂದು ಮೂಗು ಮುರಿದಳು. ಆಮೇಲೆ, 'ಬಡಿದರೆ ಚಪ್ಪಟೆಯಾಗುತ್ತೆ, ತಗೊಂಡು ಬಾ.'

ಊರಿಗೆ ಹೊರಟ ಸೂಟ್‌ಕೇಸಿಗೆ ವಿಮಾನದಲ್ಲಿ 23 ಕಿಲೋ ಮಿತಿ. ಸ್ಪ್ರಿಂಗನ್ನು ಬಚ್ಚಲಿನ ತೂಕದ ಯಂತ್ರದ ಮೇಲಿಟ್ಟೆ. ಅದೂ ಒಳಗಿನ ಸ್ಪ್ರಿಂಗನ್ನೇ ನಂಬಿದ ಹಳೆಯ ಮುಳ್ಳಿನ ಯಂತ್ರ. ಮುಳ್ಳು ಅತ್ತಿತ್ತ ತೂಗಾಡಿ ಮೂರಕ್ಕೆ ಸ್ವಲ್ಪ ಈಚೆಗೆ ನಿಂತಿತು. ಹೆಂಡತಿ ಸೂಟ್‌ಕೇಸಿನಿಂದ ಬಾದಾಮಿಯ ಎರಡು ಪೊಟ್ಟಣ ಹೊರತೆಗೆದಳು.