ಹಡಗಿನಲ್ಲಿ ಪಥ್ಯ

ವೆಲ್‌ನೆಸ್ ಎಂದು ಹೆಸರಿಟ್ಟುಕೊಂಡ ಹಡಗಿನಲ್ಲೂ ಮೊಟ್ಟಮೊದಲು ಮಾಡಿಸುವುದು ಮುಳುಗುವ ತಾಲೀಮನ್ನೇ. ಗ್ರೀಸಿನ ಪಿರೇಯಸ್ ಬಂದರು ಬಿಡುವ ಮುಂಚೆ ಏಳು ಸಲ ಮೊಟಕಾಗಿ, ಒಂದು ಸಲ ದೀರ್ಘವಾಗಿ ಸೈರನ್ ಕೂಗಿತು. ಸೌತೆಕಾಯಿ ಜ್ಯೂಸಿನ ಲೋಟ ಹಿಡಿದವರು ಹಿಡಿದ ಹಾಗೆಯೇ ಗೊತ್ತುಮಾಡಿದ ಜಾಗದಲ್ಲಿ ಹೋಗಿ ನಿಂತೆವು. ಲೈಫ್ ಜಾಕೆಟ್ ಕಟ್ಟಿಕೊಳ್ಳುವುದು ಹೇಗೆ, ಅದರ ಸೀಟಿ ಊದುವುದು ಯಾವಾಗ ಎಂಬ ಪಾಠವಾಯಿತು. “ಆರೋಗ್ಯ ಸುಧಾರಿಸಲಿ ಅಂತ ಬಂದರೆ ಬಂದ ಗಳಿಗೆಯಲ್ಲೇ ಅಪಶಕುನ ನುಡೀತಾರಲ್ರೀ,” ಎಂದಳು ನನ್ನ ಹೆಂಡತಿ.

ಅಪಶಕುನವೇನಲ್ಲ, ಇದಕ್ಕೆ ಪೂರ್ವಾಚಾರ್ಯರಿದ್ದಾರೆ. ಕ್ರಿ.ಶ. ಎರಡನೆಯ ಶತಮಾನದಲ್ಲಿ, ಇವತ್ತು ಟರ್ಕಿಯಲ್ಲಿರುವ ಸೀಮೆಯಲ್ಲಿ, ಏಲಿಯಸ್ ಅರಿಸ್ಟೈಡೀಸ್ ಎಂಬ ವಾಗ್ಮಿಯೊಬ್ಬನಿದ್ದ. ಅನುಕೂಲಸ್ಥ, ಮಾತಿನಲ್ಲಿ ಗಟ್ಟಿಗ. ಮೈಯಲ್ಲಿ ಮಾತ್ರ ದಿನಕ್ಕೊಂದು ಕಾಯಿಲೆ. ವೈದ್ಯರು ಕೈಚೆಲ್ಲಿದ ಮೇಲೆ ಪರ್ಗಮಮ್ ಊರಿನ ಅಸ್ಕ್ಲೀಪಿಯಸ್ ದೇಗುಲದಲ್ಲಿ ಎರಡು ವರ್ಷ ಠಿಕಾಣಿ ಹೂಡಿದ. ಅಸ್ಕ್ಲೀಪಿಯಸ್ ಎಂದರೆ ಗ್ರೀಕರ ವೈದ್ಯದೇವರು. ರೋಗಿಯ ಕನಸಿಗೆ ಬಂದು ಚೀಟಿ ಬರೆದುಕೊಡುವುದು ಅವನ ಕ್ರಮ. ಅರಿಸ್ಟೈಡೀಸನಿಗೆ ಸಿಕ್ಕ ಚೀಟಿಯಲ್ಲಿ ಕೊರೆಯುವ ಚಳಿಯಲ್ಲಿ ಹೊಳೆಸ್ನಾನ, ಬರಿಗಾಲಿನ ಓಟ, ಉಪವಾಸ, ವಾಂತಿ, ರಕ್ತ ತೆಗೆಸುವುದು ಎಲ್ಲ ಇದ್ದವು. ಒಂದು ಸಲವಂತೂ ದೇವರು, “ನಿನ್ನ ಹಣೆಯಲ್ಲಿ ಹಡಗು ಒಡೆಯುವುದು ಬರೆದಿದೆ, ಬಂದರಿನಲ್ಲೇ ಒಂದು ಸಣ್ಣ ದೋಣಿ ಹತ್ತಿ ಅದನ್ನು ಮಗುಚಿಸಿಕೋ, ಯಾರಾದರೂ ಎತ್ತಿ ದಡಕ್ಕೆ ತರಲಿ, ವಿಧಿಯ ಲೆಕ್ಕ ಚುಕ್ತಾ ಆಗುತ್ತದೆ” ಎಂಬರ್ಥದಲ್ಲಿ ಅಪ್ಪಣೆ ಕೊಡಿಸಿದ. ನಮ್ಮ ವಾಗ್ಮಿ ಚಾಚೂ ತಪ್ಪದೆ ಹಾಗೇ ಮಾಡಿದ. ಅದನ್ನೆಲ್ಲ ಬಹಳ ಖುಷಿಯಿಂದ ‘ಪವಿತ್ರ ಕಥೆಗಳು’ ಎಂಬ ಬರಹದಲ್ಲಿ ದಾಖಲಿಸಿದ. ನಮಗೆ ಜಾಕೆಟ್ ಕಟ್ಟಿಸಿದ ಅಧಿಕಾರಿ ದೋಣಿ ಮಗುಚಿಸುವ ತನಕ ಹೋಗಲಿಲ್ಲವೆಂಬುದೇ ಸಮಾಧಾನ.

ದಿನದ ಚೀಟಿ ನಮಗೂ ಬರುತ್ತಿತ್ತು. ಕನಸಿನಲ್ಲಲ್ಲ, ಹಿಂದಿನ ರಾತ್ರಿಯೇ ದಿಂಬಿನ ಮೇಲೆ. ಟವೆಲಿನಲ್ಲಿ ಮಡಿಚಿಟ್ಟ ಆನೆಯ ಸೊಂಡಿಲಿಗೆ ಆನಿಸಿ. ಬೆಳಗಿನ ಜಾವ ಮೇಲಿನ ಡೆಕ್ಕಿನಲ್ಲಿ ಯೋಗ, ಆಮೇಲೆ ಉಸಿರಾಟ, ಹಬೆಸ್ನಾನ, ಗಿಡಮೂಲಿಕೆಯ ಚಹಾ, ಮಧ್ಯಾಹ್ನ ‘ಮೌನದ ವೇಳೆ’. ಮಸಾಜು ಇತ್ಯಾದಿಗೆ ಬೇರೆ ದುಡ್ಡು. ಯೋಗ ಹೇಳಿಕೊಡುತ್ತಿದ್ದ ಹುಡುಗಿ ಯುರೋಪಿನವಳು. ನಾವು ಮೈಸೂರಿನವರೆಂದು ತಿಳಿದದ್ದೇ ಕಣ್ಣರಳಿಸಿ ಎದೆಯ ಮೇಲೆ ಕೈಯಿಟ್ಟುಕೊಂಡಳು. ಪಟ್ಟಾಭಿ ಜೋಯಿಸರ ಅಷ್ಟಾಂಗ ಯೋಗ ಕಲಿಯಲು ಗೋಕುಲಂನಲ್ಲಿ ರೂಮು ಮಾಡಿಕೊಂಡಿದ್ದಳಂತೆ. ಅಲ್ಲಿನ ಎಳನೀರು ಮಾರುವವನಿಂದ ಹಿಡಿದು ದೋಸೆ ಹೋಟೆಲಿನ ತನಕ ಎಲ್ಲವನ್ನೂ ವಿಚಾರಿಸಿದಳು. ಗೋಕುಲಂಗೆ ಸ್ಕೂಟರಿನ ದೂರದಲ್ಲಿ ಬದುಕಿಕೊಂಡು ಒಂದು ಸೂರ್ಯನಮಸ್ಕಾರವನ್ನೂ ನೆಟ್ಟಗೆ ಹಾಕದ ನನ್ನನ್ನು ಏಜಿಯನ್ ಸಮುದ್ರದ ನಡುವೆ ಮುಂದಿನ ಸಾಲಿನಲ್ಲಿ ನಿಲ್ಲಿಸಿದ್ದು ಈ ಗೌರವಕ್ಕಾಗಿ. ನನ್ನ ಬೆನ್ನು ಬಾಗುವ ರೀತಿ ನೋಡಿ ಎರಡನೆಯ ದಿನ ಹಿಂದಿನ ಸಾಲಿಗೆ ಕಳಿಸಿದಳು.

ಹಿಂದಿನ ಸಾಲಿನಲ್ಲಿ ಹುಬ್ಬಳ್ಳಿಯ ಅರಳೆ ವ್ಯಾಪಾರಿಯೊಬ್ಬರು ಸಿಕ್ಕರು. ಮಗ ಟಿಕೆಟ್ ತೆಗೆಸಿ ಕಳಿಸಿದ್ದ. ಮೊಣಕಾಲು ನೋವಿಗೆ ಒಳ್ಳೆಯದೆಂದು ಹೇಳಿದ್ದನಂತೆ. “ಅಲ್ರೀ ಸರ, ಇಷ್ಟ ರೊಕ್ಕಾ ಕೊಟ್ಟು ಸೊಪ್ಪು ತಿನ್ನೂದಂದ್ರ ಹೆಂಗ್ರೀ?” ಎನ್ನುವುದು ಅವರ ನಿತ್ಯದ ಪ್ರಶ್ನೆ. ಅವರ ಹೆಂಡತಿಯ ಕೈಚೀಲದಲ್ಲಿ ಶೇಂಗಾ ಚಟ್ನಿಪುಡಿಯ ಡಬ್ಬಿ ಇದ್ದದ್ದರಿಂದ ಪ್ರಶ್ನೆ ತೀರಾ ಉತ್ತರವಿಲ್ಲದ್ದಾಗಿರಲಿಲ್ಲ. ಆಲಿವ್ ಎಣ್ಣೆಯಲ್ಲಿ ಅದನ್ನು ಕಲಸಿಕೊಂಡು ಬ್ರೆಡ್ಡಿಗೆ ಹಚ್ಚಿ ತಿಂದರೆ ಬಲು ಸೊಗಸು.

ಈ ಎಣ್ಣೆಯ ಮಹಿಮೆಯನ್ನು ಜಗತ್ತಿಗೆಲ್ಲ ಸಾರಿದವನು ಆನ್ಸೆಲ್ ಕೀಸ್ ಎಂಬ ಅಮೆರಿಕನ್. 1958ರಲ್ಲಿ ಶುರುವಾದ ಅವನ ಏಳು ದೇಶಗಳ ಅಧ್ಯಯನದಲ್ಲಿ ಕ್ರೀಟ್ ದ್ವೀಪದ ಗಂಡಸರ ಹೃದಯ ಬಹಳ ಗಟ್ಟಿ ಎಂದು ಕಂಡಿತು. ಅವನೂ ಇಟಲಿಯ ಪಿಯೋಪ್ಪಿ ಎಂಬ ಕಡಲೂರಿನಲ್ಲಿ ವರ್ಷಗಟ್ಟಲೆ ಇದ್ದು, ನೂರು ವರ್ಷ ತುಂಬಿಸಿಕೊಂಡೇ 2004ರಲ್ಲಿ ತೀರಿಕೊಂಡ. 2010ರಲ್ಲಿ ಯುನೆಸ್ಕೋ ಮೆಡಿಟರೇನಿಯನ್ ಕಡೆಯ ಈ ಊಟದ ಕ್ರಮವನ್ನು ಪರಂಪರೆಯ ಪಟ್ಟಿಗೂ ಸೇರಿಸಿತು. ಆದರೆ ಆ ಕ್ರೀಟಿನ ರೈತರು ಬೇಳೆಕಾಳು, ಕಾಡುಸೊಪ್ಪು, ಬ್ರೆಡ್ಡು ತಿಂದು ಇಡೀ ದಿನ ಗುಡ್ಡದಲ್ಲಿ ಅಗೆಯುತ್ತಿದ್ದರು. ಮಾಂಸ ಕಮ್ಮಿ ತಿಂದದ್ದು ಕೊಳ್ಳಲು ಕಾಸಿಲ್ಲದೆ. ನಮ್ಮ ಹಡಗಿನವರು ಎಣ್ಣೆಯನ್ನು ಹತ್ತಿಸಿಕೊಂಡು ಗುದ್ದಲಿಯನ್ನು ದಡದಲ್ಲೇ ಬಿಟ್ಟಿದ್ದರು. ಪಥ್ಯದ ಊಟದ ಮನೆಗೂ ಬಫೆಗೂ ನಡುವೆ ಇದ್ದದ್ದು ಒಂದು ಗಾಜಿನ ಬಾಗಿಲು. ಅದು ತಾನಾಗಿಯೇ ತೆರೆದುಕೊಳ್ಳುತ್ತಿತ್ತು.

ಕೋಸ್ ದ್ವೀಪದಲ್ಲಿ ಗ್ರೀಕ್ ವೈದ್ಯ ಹಿಪ್ಪಾಕ್ರಟೀಸ್ ಶಿಷ್ಯರಿಗೆ ಪಾಠ ಹೇಳಿದ ಮರವನ್ನು ತೋರಿಸಿದರು. ಈಗಿರುವ ಮರಕ್ಕೆ ಐನೂರು ವರ್ಷದ ಆಸುಪಾಸು ವಯಸ್ಸು. ಗುರುಗಳು ಅದಕ್ಕಿಂತ ಸುಮಾರು ಎರಡು ಸಾವಿರ ವರ್ಷ ದೊಡ್ಡವರು. ಟರ್ಕಿಯ ಪ್ರಾಚೀನ ನಗರ ಎಫೆಸಸ್‌ನಲ್ಲಿ ಬಂದರೇ ಹೂಳು ತುಂಬಿ ಸಮುದ್ರ ಕಿಲೋಮೀಟರುಗಟ್ಟಲೆ ಆಚೆ ಸರಿದಿದೆ, ಹಡಗಿನವರು ಬಸ್ಸಿನಲ್ಲಿ ಹೋಗಬೇಕು. ಅಲ್ಲಿ ಸೆಲ್ಸಸ್‌ನ ಗ್ರಂಥಾಲಯಕ್ಕಿಂತ, ಸಾಲಾಗಿ ತೂತು ಕೊರೆದ ಅಮೃತಶಿಲೆಯ ಸಾರ್ವಜನಿಕ ಶೌಚಾಲಯದ ಮುಂದೆಯೇ ಫೋಟೋದ ನೂಕುನುಗ್ಗಲು. ಅಂದು ಸಂಜೆ ಬಡಗಣ ಗಾಳಿ ಎದ್ದು ಹಡಗು ಹೊಯ್ದಾಡಿತು. ಮೌನದ ವೇಳೆಯನ್ನು ಎಲ್ಲರೂ ಮೊದಲ ಬಾರಿಗೆ ಮನಸ್ಸಿಟ್ಟು ಪಾಲಿಸಿದರು. ತತ್ತ್ವಜ್ಞಾನಿ ಸೆನೆಕಾ ನೇಪಲ್ಸಿನ ಹತ್ತಿರ ಇಂಥದ್ದೇ ಹೊಯ್ದಾಟ ತಾಳಲಾರದೆ, ದಡ ಹತ್ತಿರವಾದಾಗ ನೀರಿಗೇ ಹಾರಿ ಈಜಿದ್ದನ್ನು ಪತ್ರದಲ್ಲಿ ಬರೆದಿದ್ದಾನೆ. ಸ್ಥಿತಪ್ರಜ್ಞೆಯನ್ನು ಬೋಧಿಸುವವರಿಗೂ ಹೊಟ್ಟೆ ಬೇರೆಯೇ ಇರುತ್ತದೆ.

ಇಷ್ಟೆಲ್ಲ ಸುತ್ತಿ ನಾನು ಕಾದಿದ್ದದ್ದು ಅಸ್ಕ್ಲೀಪಿಯಸ್ ದೇಗುಲವಿರುವ ಎಪಿಡಾರಸ್‌ಗೆ. ನಾಫ್ಲಿಯೊ ಊರಿನೆದುರು ಹಡಗು ಲಂಗರು ಹಾಕಿತು, ಸಣ್ಣ ದೋಣಿಯಲ್ಲಿ ದಡಕ್ಕೆ ಬಂದು ಬಸ್ಸು ಹತ್ತಿದೆವು. ಹದಿನಾಲ್ಕು ಸಾವಿರ ಜನ ಕೂರಬಹುದಾದ ಅಲ್ಲಿನ ರಂಗಮಂದಿರದ ನಡುವೆ ನಾಣ್ಯ ಬೀಳಿಸಿದರೆ ಮೇಲಿನ ಮೆಟ್ಟಿಲಿಗೂ ಕೇಳುತ್ತದೆಂದು ಗೈಡು ಹೇಳಿದ್ದೇ ತಡ, ಹತ್ತಾರು ದೇಶದ ಚಿಲ್ಲರೆ ಉದುರಿತು. ಪಕ್ಕದ ದೇಗುಲದ ಕಡೆ ಹೊರಳಿದವರು ಕಡಿಮೆ. ಇಡೀ ಊರೇ ಒಂದು ಆರೋಗ್ಯಧಾಮವಾಗಿತ್ತೆಂದು ಅಲ್ಲಿ ತಿಳಿಯುತ್ತದೆ: ನೂರ ಅರವತ್ತು ಕೋಣೆಗಳ ಛತ್ರ, ಸ್ನಾನಗೃಹ, ಓಟದ ಅಂಗಳ, ನಾಟಕ. ರೋಗಿ ಮಿಂದು, ಬಲಿ ಕೊಟ್ಟು, ಉದ್ದನೆಯ ಮೊಗಸಾಲೆಯಲ್ಲಿ ಮಲಗಬೇಕು. ರಾತ್ರಿ ದೇವರು ಬರುತ್ತಾನೆ, ಕೆಲವೊಮ್ಮೆ ಅವನ ಹಾವು ಬರುತ್ತದೆ. ನಾಗಪ್ಪನಿಗೆ ಹರಕೆ ಹೊರಲು ಕುಕ್ಕೆಗೆ ಹೋಗಿಬಂದ ನಮ್ಮಿಬ್ಬರಿಗೆ ಇದರಲ್ಲಿ ಪರಕೀಯವೆನಿಸಿದ್ದು ಹಾವಿನ ಜೊತೆ ಮಲಗುವ ಭಾಗ ಮಾತ್ರ.

ವಾಸಿಯಾದವರ ಕಥೆಗಳನ್ನು ಕಲ್ಲಿನಲ್ಲಿ ಕೆತ್ತಿ ನಿಲ್ಲಿಸಿದ್ದರು. ಯೂಫನೀಸ್ ಎಂಬ ಹುಡುಗನಿಗೆ ಮೂತ್ರದ ಕಲ್ಲು. ಕನಸಿನಲ್ಲಿ ದೇವರು, ವಾಸಿ ಮಾಡಿದರೆ ಏನು ಕೊಡುತ್ತೀ ಎಂದು ಕೇಳಿದ. ಆಟದ ಹತ್ತು ಮೂಳೆದಾಳ ಎಂದ ಹುಡುಗ. ದೇವರು ನಕ್ಕು ವಾಸಿ ಮಾಡಿದ. ಅಥೆನ್ಸಿನ ಅಂಬ್ರೋಸಿಯಾ ಎಂಬ ಒಕ್ಕಣ್ಣಿನ ಹೆಂಗಸು ಈ ಕಲ್ಲುಗಳನ್ನು ಓದುತ್ತ, ಕುಂಟರು ಕುರುಡರು ಬರೀ ಕನಸು ಕಂಡು ನೆಟ್ಟಗಾಗುವುದುಂಟೇ ಎಂದು ಗೇಲಿ ಮಾಡಿದಳು. ಅವಳನ್ನೂ ದೇವರು ವಾಸಿ ಮಾಡಿದ; ಆದರೆ ಅವಳ ದಡ್ಡತನದ ನೆನಪಿಗೆ ಬೆಳ್ಳಿಯ ಹಂದಿಯೊಂದನ್ನು ದೇಗುಲಕ್ಕೆ ಒಪ್ಪಿಸಬೇಕೆಂದು ಶುಲ್ಕ ವಿಧಿಸಿದ. ವಾಸಿಯಾಗದೆ ಊರಿಗೆ ಮರಳಿದವರ ಕಲ್ಲು ಅಲ್ಲಿಲ್ಲ.

ಅರಿಸ್ಟೈಡೀಸನ ಸುಖ ಯಾವುದರಲ್ಲಿತ್ತೆಂದು ನನಗೆ ಹೊಳೆದದ್ದು ಆ ಮೊಗಸಾಲೆಯ ನೆರಳಿನಲ್ಲಿ. ಹೊಳೆಯ ನೀರಿನಲ್ಲಲ್ಲ, ಓಟದಲ್ಲೂ ಅಲ್ಲ. ಎಷ್ಟು ಗಂಟೆಗೆ ಏಳಬೇಕು, ಏನು ಬಿಡಬೇಕು, ಯಾವಾಗ ಮಲಗಬೇಕು ಎಂದು ಇನ್ನೊಬ್ಬರು ಹೇಳುವುದರಲ್ಲಿ. ಮನೆಯಲ್ಲಿ ಹೆಂಡತಿ ಹೇಳಿದರೆ ಅದು ಕಿರಿಕಿರಿ. ದೇವರೋ ಹಡಗಿನ ಕಂಪನಿಯೋ ಬೆಲೆ ಕಟ್ಟಿ ಹೇಳಿದರೆ ಚಿಕಿತ್ಸೆ. ಇದನ್ನು ನನ್ನವಳಿಗೆ ಹೇಳಿದೆ. “ಹಾಗಾದರೆ ನಾನೂ ಫೀಸು ತಗೊಳ್ತೀನಿ,” ಎಂದಳು.

ಕೊನೆಯ ರಾತ್ರಿ ದಿಂಬಿನ ಮೇಲೆ ಚೀಟಿಯ ಬದಲು ಅಭಿಪ್ರಾಯದ ಫಾರಂ ಇತ್ತು. ಬಫೆಯಲ್ಲಿ ಹುಬ್ಬಳ್ಳಿಯವರು ಅದನ್ನು ಹರವಿಕೊಂಡು ಕೂತಿದ್ದರು. “ಬರಕೋರಿ ಸರ, ನಿಮ್ಮ ಇಂಗ್ಲೀಷ್ ಚಲೋ ಅದ. ಮೊಣಕಾಲು ಬಂದಂಗ ಅದ. ನಿದ್ದಿ ಮಾತ್ರ ಭಾಳ ಚಲೋ ಬಂತು. ಹಾವು ಬರಲಿಲ್ಲ.” ಬರೆದುಕೊಟ್ಟೆ. ನನ್ನ ಹೆಂಡತಿ ಬಗ್ಗಿ ಓದಿ, “ಹೀಗೆಲ್ಲ ಗೇಲಿ ಮಾಡಿ ಬರೀಬೇಡ್ರೀ, ಆಮೇಲೆ ಬಿಲ್ಲಿನಲ್ಲಿ ಬೆಳ್ಳಿ ಹಂದಿ ಸೇರಿಸ್ತಾರೆ,” ಎಂದಳು. ಬೆಳಿಗ್ಗೆ ಬಿಲ್ಲು ಬಂದಾಗ ಹುಬ್ಬಳ್ಳಿಯವರು ಕನ್ನಡಕ ಏರಿಸಿ ಸಾಲು ಸಾಲೂ ಓದಿ, “ಹಂದಿ ಇಲ್ರೀ. ಆದ್ರ ಸೌತೀಕಾಯಿ ರಸಕ್ಕ ಹಾಕ್ಯಾರ ನೋಡ್ರಿ ರೇಟು,” ಎಂದರು.